ಗಾಳಿ ನಿಂತ ಮೇಲೆ

ಬಾಗಿಲು ತಳ್ಳುತ್ತೀರಿ. ಜಗ್ಗುವುದಿಲ್ಲ. ಹೊರಗಿನ ಗಾಳಿ ಅದನ್ನು ಚೌಕಟ್ಟಿಗೆ ಒತ್ತಿ ಹಿಡಿದಿದೆ. ಭುಜ ಕೊಟ್ಟು ನೂಕಿದ ಮೇಲೆ ಒಂದು ಗೇಣಷ್ಟು ತೆರೆಯುತ್ತದೆ. ಆ ಸಂದಿಯಿಂದ ನುಗ್ಗಿದ ಥಂಡಿ ಕಣ್ಣಲ್ಲಿ ನೀರು ತರಿಸುತ್ತದೆ. ತುಟಿ ಸವರಿಕೊಂಡರೆ ಉಪ್ಪು. ಒದ್ದೆ ಕುರಿಯುಣ್ಣೆಯ ವಾಸನೆ, ದಡಕ್ಕೆ ಬಿದ್ದು ಕೊಳೆಯುತ್ತಿರುವ ಕಡಲಪಾಚಿಯ ವಾಸನೆ ಒಟ್ಟೊಟ್ಟಿಗೆ ಮೂಗಿಗೆ ಬಡಿಯುತ್ತವೆ. ತಲೆಯ ಮೇಲೆ, ಕಾಣದಷ್ಟು ಎತ್ತರದಲ್ಲಿ, ಭಾರವಾದದ್ದೇನೋ ಒಂದೇ ಲಯದಲ್ಲಿ ಗಾಳಿಯನ್ನು ಸೀಳುತ್ತಿದೆ.

ಸಂಜೆ ಐದು ಗಂಟೆ. ಆಗಲೇ ಗಾಢ ಕತ್ತಲು. ನೀವಿರುವುದು ಉತ್ತರ ಸಮುದ್ರದ ಉತ್ಸಿರಾ ದ್ವೀಪದಲ್ಲಿ. ನಾರ್ವೆಯ ಪಶ್ಚಿಮ ತೀರದ ಹೌಗೆಸುಂಡ್ ಪಟ್ಟಣದಿಂದ ಹಡಗು ಹತ್ತಿದರೆ ಇಲ್ಲಿಗೆ ಒಂದು ಗಂಟೆಗೂ ಮೇಲೆ ಬೇಕು. ಆರು ಚದರ ಕಿಲೋಮೀಟರಿನ ಬಂಡೆ, ಹುಲ್ಲು, ಕುರಿ, ಇನ್ನೂರು ಚಿಲ್ಲರೆ ಜನ. ಸಣ್ಣ ಊರೆಂದು ಕಡೆಗಣಿಸಬೇಡಿ: ನಾರ್ವೆಯ ಮೊದಲ ಮಹಿಳಾ ಮೇಯರ್ ಆಗಿ 1926ರಲ್ಲಿ ಅಧಿಕಾರ ವಹಿಸಿಕೊಂಡವರು ಈ ದ್ವೀಪದ ಸೂಲಗಿತ್ತಿ ಓಸಾ ಹೆಲ್ಗೆಸೆನ್. ಬೇರೆಯವರು ಇನ್ನೂ ಯೋಚಿಸುತ್ತಿರುವುದನ್ನು ಮಾಡಿ ನೋಡುವ ಅಭ್ಯಾಸ ಈ ಊರಿಗೆ ಹಳೆಯದು.

ಈಗ 2006ರ ಜನವರಿ ಎಂದುಕೊಳ್ಳಿ. ತಲೆಯ ಮೇಲೆ ತಿರುಗುತ್ತಿರುವುದು ಎನರ್ಕಾನ್ ಕಂಪನಿಯ 600 ಕಿಲೋವಾಟಿನ ಗಾಳಿಯಂತ್ರ. ಅಂಥವು ಎರಡಿವೆ. ಒಂದರ ಕರೆಂಟು ಸಮುದ್ರದಡಿಯ ಕೇಬಲ್ ಹಿಡಿದು ಮುಖ್ಯ ಭೂಮಿಗೆ ಹೋಗುತ್ತದೆ. ಇನ್ನೊಂದನ್ನು ದ್ವೀಪದ ಹತ್ತು ಮನೆಗಳಿಗೇ ಮೀಸಲಿಟ್ಟಿದ್ದಾರೆ. ಪ್ರಯೋಗ ನಡೆಯುವಾಗ ಆ ಹತ್ತು ಮನೆಗಳಿಗೂ ಹೊರಗಿನ ಗ್ರಿಡ್‌ಗೂ ಸಂಬಂಧವೇ ಇಲ್ಲ. ನಾರ್ಸ್ಕ್ ಹೈಡ್ರೋ ಕಂಪನಿ 2004ರ ಬೇಸಿಗೆಯಲ್ಲಿ ಶುರುಮಾಡಿದ ಈ ಪ್ರಯೋಗದ ಪ್ರಶ್ನೆ ಒಂದೇ: ಗಾಳಿ ಬೀಸಿದಾಗ ಮಿಕ್ಕ ಕರೆಂಟನ್ನು ಕೂಡಿಟ್ಟು, ಗಾಳಿ ನಿಂತಾಗ ಮನೆಗಳನ್ನು ಬೆಳಗಬಹುದೇ? ನೀವು ಕಾಣಲಿರುವ ರಾತ್ರಿ ನಾನು ಕಲ್ಪಿಸಿಕೊಟ್ಟದ್ದು. ಯಂತ್ರಗಳು ಮತ್ತು ಅವುಗಳ ಅಳತೆಗಳು ನಿಜ. ಅಲ್ಲಿ ಕಂಪ್ಯೂಟರ್ ಮಾಡುತ್ತಿದ್ದ ತೀರ್ಮಾನವನ್ನು ಇಂದು ನಿಮ್ಮ ಕೈಗೆ ಕೊಡುತ್ತೇನೆ.

ಪ್ರಯೋಗದ ಎಂಜಿನಿಯರ್ ನಿಮ್ಮ ಮೊಬೈಲನ್ನು ಇಸಿದುಕೊಂಡು ಡ್ರಾಯರಿನಲ್ಲಿ ಹಾಕುತ್ತಾರೆ. ಐವತ್ತು ದಾಟಿದ ಮನುಷ್ಯ, ಬೆರಳ ಸಂದಿಯಲ್ಲಿ ತೊಳೆದರೂ ಹೋಗದ ಗ್ರೀಸು. ನಿಮ್ಮ ಕೋಟಿನ ಕಾಲರಿಗೆ ಬೆಂಕಿಪೊಟ್ಟಣದಷ್ಟು ದೊಡ್ಡ ಒಂದು ಡಬ್ಬಿ ಸಿಕ್ಕಿಸುತ್ತಾರೆ. ಅದು ಕೂಗಿದರೆ ಏನು ಮಾಡಬೇಕು ಎಂದು ಕೇಳುತ್ತೀರಿ. "ಓಡಬೇಡಿ, ಏನನ್ನೂ ಒತ್ತಬೇಡಿ. ಬಂದ ದಾರಿಯಲ್ಲೇ ಹೊರಗೆ ನಡೆಯಿರಿ," ಎನ್ನುತ್ತಾರೆ.

ಮೊದಲ ಕೋಣೆಯಲ್ಲಿ ಎಲೆಕ್ಟ್ರೋಲೈಜರ್ ಇದೆ. ಕ್ಷಾರ ಬೆರೆಸಿದ ನೀರಿಗೆ ಕರೆಂಟು ಹಾಯಿಸಿ ಹೈಡ್ರೋಜನ್ನನ್ನೂ ಆಮ್ಲಜನಕವನ್ನೂ ಬೇರೆ ಮಾಡುವ ಯಂತ್ರ. ಒಂದು ಗುಂಯ್‌ಗುಡುವ ಸದ್ದು ಪಾದದಿಂದ ಮೇಲೇರಿ ಹಲ್ಲಿಗೆ ಬರುತ್ತದೆ. ಹೊರಗಿನ ಚಳಿಯಲ್ಲಿ ಮರಗಟ್ಟಿದ ನಿಮ್ಮ ಕೈಗೆ ಇಲ್ಲಿ ಜೀವ ಬರುತ್ತದೆ. ಕೋಣೆ ಬೆಚ್ಚಗಿದೆ, ಹಿತವಾಗಿದೆ. ಯಂತ್ರದ ಹೊರಕವಚಕ್ಕೆ ಅಂಗೈ ಒತ್ತಿ ನಿಲ್ಲಬೇಕು ಅನ್ನಿಸುತ್ತದೆ. ನಿಲ್ಲಿ. ಆದರೆ ಇದನ್ನು ತಿಳಿದುಕೊಂಡು ನಿಲ್ಲಿ: ಇದು ಗಂಟೆಗೆ ಸುಮಾರು 50 ಯೂನಿಟ್ ನುಂಗಿ 10 ಘನ ಮೀಟರ್ ಹೈಡ್ರೋಜನ್ ಕೊಡುತ್ತದೆ. ಅಷ್ಟು ಹೈಡ್ರೋಜನ್ನಿನಲ್ಲಿರುವುದು 30 ಯೂನಿಟ್ ಶಕ್ತಿ. ಉಳಿದ 20 ಎಲ್ಲಿ ಹೋಯಿತು ಎಂದು ಕೇಳಬೇಕಿಲ್ಲ, ಅದರ ಬಹುಪಾಲು ನಿಮ್ಮ ಅಂಗೈಯಲ್ಲೇ ಇದೆ.

ಮುಂದಿನ ಕೋಣೆಯಲ್ಲಿ ಕಂಪ್ರೆಸರ್. ಧಡ್, ಧಡ್, ಧಡ್ ಎಂದು ಎದೆಗೇ ಗುದ್ದುತ್ತದೆ. ಹೈಡ್ರೋಜನ್ ಎಲ್ಲಕ್ಕಿಂತ ಹಗುರ. ಸುಮ್ಮನೆ ಬಿಟ್ಟರೆ ಹತ್ತು ಮನೆಗೆ ಎರಡು ದಿನಕ್ಕಾಗುವಷ್ಟು ಅನಿಲ 2400 ಘನ ಮೀಟರ್ ಜಾಗ ಬೇಡುತ್ತದೆ. ಅದಕ್ಕೇ ಅದನ್ನು 200 ಬಾರ್ ಒತ್ತಡಕ್ಕೆ ಅದುಮಬೇಕು, ನಮ್ಮ ಸುತ್ತಲ ವಾತಾವರಣದ ಇನ್ನೂರು ಪಟ್ಟು. ಅದುಮಲು ಮತ್ತೆ ಐದೂವರೆ ಕಿಲೋವಾಟ್. ಕೊಳವೆಯನ್ನು ಮುಟ್ಟಿದವರು ಥಟ್ಟನೆ ಕೈ ಹಿಂದಕ್ಕೆಳೆದುಕೊಳ್ಳುತ್ತೀರಿ. ಸುಡುತ್ತದೆ. ಇದೂ ಕಳೆದುಹೋದ ಗಾಳಿಯೇ.

ಅಲ್ಲಿಂದ ಹೊರಗೆ, ತೆರೆದ ಅಂಗಳಕ್ಕೆ. ಉದ್ದನೆಯ ಉಕ್ಕಿನ ಟ್ಯಾಂಕು. ಇದು ಮಾತ್ರ ತಣ್ಣಗಿದೆ, ಕೈಗವಸಿನ ಮೂಲಕವೂ ಚುಚ್ಚುವಷ್ಟು. ಮೀಟರಿನ ಮುಳ್ಳು 200ರ ಮೇಲೆ ನಿಂತಿದೆ. ಒಳಗಿರುವ ಹೈಡ್ರೋಜನ್ನಿನ ತೂಕ ಬರೀ 216 ಕೆ.ಜಿ. ಅದರಲ್ಲಿ ಅಡಗಿರುವ ಶಕ್ತಿ 7200 ಯೂನಿಟ್. ಎಲೆಕ್ಟ್ರೋಲೈಜರ್ ಒಂದು ಕ್ಷಣವೂ ನಿಲ್ಲದೆ ದುಡಿದರೆ ಈ ಟ್ಯಾಂಕು ತುಂಬಲು ಹತ್ತು ದಿನ ಬೇಕು. ಹತ್ತು ದಿನದ ಗಾಳಿ ನಿಮ್ಮ ಮುಂದೆ ಸದ್ದಿಲ್ಲದೆ ಮಲಗಿದೆ.

ಇಲ್ಲಿ ನಿಮ್ಮ ಉಸಿರು ತಾನಾಗಿ ಸಣ್ಣದಾಗುತ್ತದೆ. ಸೋರಿದರೆ ವಾಸನೆಯಿಂದ ತಿಳಿಯುವುದಿಲ್ಲ, ಬಣ್ಣದಿಂದಲೂ ತಿಳಿಯುವುದಿಲ್ಲ. ಗಾಳಿಯಲ್ಲಿ ನೂರಕ್ಕೆ ನಾಲ್ಕು ಪಾಲು ಬೆರೆತರೆ ಸಾಕು, ಹತ್ತಿಕೊಳ್ಳಲು ಸಿದ್ಧ. ಸ್ವೆಟರ್ ಬಿಚ್ಚುವಾಗ ಚಟಪಟ ಎನ್ನುವ ಕಿಡಿಯೇ ಅದಕ್ಕೆ ಹೆಚ್ಚಾಯಿತು. ಉರಿಯುವ ಜ್ವಾಲೆ ಹಗಲಿನಲ್ಲಿ ಕಣ್ಣಿಗೇ ಬೀಳುವುದಿಲ್ಲ. ಹಿಂದೆ ಹೈಡ್ರೋಜನ್ ಜೊತೆ ಕೆಲಸ ಮಾಡುವವರು ಹುಲ್ಲಿನ ಕಸಬರಿಗೆಯನ್ನು ಮುಂದೆ ಚಾಚಿಕೊಂಡು ನಡೆಯುತ್ತಿದ್ದರು. ಪೊರಕೆಯ ತುದಿ ಹೊತ್ತಿಕೊಂಡರೆ ಬೆಂಕಿ ಅಲ್ಲಿದೆ ಎಂದರ್ಥ. ಸೋರಿಕೆಯನ್ನು ಪತ್ತೆಹಚ್ಚುವ, ನಿಮ್ಮ ಕಾಲರಿನ ಡಬ್ಬಿ ಇನ್ನೂ ಮೌನವಾಗಿದೆ. ಅದರ ಹಸಿರು ದೀಪವನ್ನು ಮತ್ತೆ ಮತ್ತೆ ನೋಡಿಕೊಳ್ಳುತ್ತೀರಿ.

ಬ್ಯಾಟರಿ ಕೋಣೆಗೆ ಬಂದಾಗ ಇಲ್ಲಿ ನೋಡುವುದೇನೂ ಇಲ್ಲ ಅನ್ನಿಸುತ್ತದೆ. ಕಪಾಟಿನಲ್ಲಿ ಸಾಲಾಗಿ ಜೋಡಿಸಿದ ನಿಕಲ್-ಕ್ಯಾಡ್ಮಿಯಂ ಸೆಲ್ಲುಗಳು, ಒಂದು ಸಣ್ಣ ಫ್ಯಾನು. ಮುಟ್ಟಿದರೆ ಒಂದಿಷ್ಟು ಉಗುರುಬೆಚ್ಚಗೆ, ಅಷ್ಟೇ. ಕೊಟ್ಟದ್ದರಲ್ಲಿ ಬಹುಪಾಲನ್ನು ಬ್ಯಾಟರಿ ಹಿಂದಿರುಗಿಸುತ್ತದೆ, ಅದೂ ಕೇಳಿದ ಕ್ಷಣದಲ್ಲಿ. ಆದರೆ ಇಷ್ಟೂ ಸಾಲುಗಳು ಸೇರಿ ಹಿಡಿಯುವುದು 50 ಯೂನಿಟ್. ಪಕ್ಕದಲ್ಲೇ ಒಂದು ಫ್ಲೈವೀಲ್ ಸುಯ್ಯನೆ ಸುತ್ತುತ್ತಿದೆ. ಅದರದ್ದು 5 ಯೂನಿಟ್. ಗಾಳಿ ಒಮ್ಮೆ ಜೋರಾಗಿ ಒಮ್ಮೆ ಸೋತು ಬೀಸುವಾಗ, ಮನೆಯ ದೀಪ ಮಿಣುಕದಂತೆ ಕ್ಷಣಕ್ಷಣದ ಏರಿಳಿತವನ್ನು ತನ್ನ ಮೈಮೇಲೆ ಎಳೆದುಕೊಳ್ಳುವುದೇ ಅದರ ಕೆಲಸ. ಕ್ಷಣಗಳಿಗೆ ಫ್ಲೈವೀಲ್, ನಿಮಿಷಗಳಿಗೆ ಬ್ಯಾಟರಿ, ದಿನಗಳಿಗೆ ಹೊರಗಿನ ಟ್ಯಾಂಕು.

ಆರು ಗಂಟೆ ದಾಟುತ್ತದೆ. ಹತ್ತು ಮನೆಗಳಲ್ಲೊಂದರ ಅಡುಗೆಮನೆಯಲ್ಲಿ ನಿಮಗೆ ಕಾಫಿ. ಇಲ್ಲಿ ಮನೆ ಬೆಚ್ಚಗಿಡುವುದೂ ಕರೆಂಟಿನಲ್ಲೇ, ಬೇಯಿಸುವುದೂ ಕರೆಂಟಿನಲ್ಲೇ. ಓವನ್ನಿನೊಳಗೆ ಮೀನು ಬೆಣ್ಣೆಯಲ್ಲಿ ಸಿಡಿಯುತ್ತಿದೆ. ಮನೆಯಾಕೆಗೆ ಎಂಬತ್ತರ ಹತ್ತಿರ. ಮೇಣದಬತ್ತಿ, ಬೆಂಕಿಪೊಟ್ಟಣ ಎರಡನ್ನೂ ಕಿಟಕಿಯ ಪಕ್ಕದಲ್ಲೇ ಇಟ್ಟಿದ್ದಾರೆ. ಪ್ರಯೋಗದ ಮೇಲೆ ನಂಬಿಕೆ ಇಲ್ಲವೇ ಎಂದು ಕೇಳಿದಿರಿ. "ನಂಬಿಕೆ ಇರುವುದಕ್ಕೇ ಹೆಸರು ಕೊಟ್ಟಿದ್ದು. ಸಮುದ್ರದ ನಡುವೆ ಹುಟ್ಟಿದವಳು ನಾನು, ಬತ್ತಿಯನ್ನೂ ಇಟ್ಟುಕೊಳ್ಳುತ್ತೇನೆ," ಎಂದರು. ಕಿಟಕಿಯ ಗಾಜು ಗಾಳಿಗೆ ಒಂದೇ ಸಮನೆ ಗಡಗಡ ಅನ್ನುತ್ತಿತ್ತು.

ಅನ್ನುತ್ತಿತ್ತು. ಈಗ ಅನ್ನುತ್ತಿಲ್ಲ.

ನೀವಿಬ್ಬರೂ ತಲೆಯೆತ್ತುತ್ತೀರಿ. ಕಪ್ಪನ್ನು ಕೆಳಗಿಟ್ಟು ಹೊರಗೆ ಬರುತ್ತೀರಿ. ಬಾಗಿಲು ಒಂದೇ ಬೆರಳಿಗೆ ತೆರೆದುಕೊಳ್ಳುತ್ತದೆ. ಮೇಲಿನ ಲಯ ನಿಧಾನವಾಗಿದೆ. ಒಂದು ಸೀಳಿಗೂ ಇನ್ನೊಂದಕ್ಕೂ ನಡುವೆ ಉಸಿರು ತೆಗೆದುಕೊಳ್ಳುವಷ್ಟು ಬಿಡುವು. ಅಲೆಯ ಸದ್ದು ಇದ್ದಕ್ಕಿದ್ದಂತೆ ಹತ್ತಿರ ಬಂದಿದೆ. ದೂರದಲ್ಲೊಂದು ಕುರಿ ಕೆಮ್ಮಿದ್ದು ಸ್ಪಷ್ಟವಾಗಿ ಕೇಳುತ್ತದೆ. ಎಂಜಿನಿಯರ್ ಕಂಟ್ರೋಲ್ ಕೋಣೆಯ ಬಾಗಿಲಲ್ಲಿ ನಿಂತು ನಿಮ್ಮನ್ನು ಕೈಬೀಸಿ ಕರೆಯುತ್ತಿದ್ದಾರೆ. ಓಡುತ್ತೀರಿ.

ಪರದೆಯ ಮೇಲೆ ಅಂಕಿಗಳು. ಗಾಳಿಯಂತ್ರ: ಸೊನ್ನೆ. ಎಲೆಕ್ಟ್ರೋಲೈಜರ್ ತಾನಾಗಿ ಕೆಲಸ ನಿಲ್ಲಿಸಿದೆ. ಹತ್ತು ಮನೆಗಳ ಲೋಡು 40 ಕಿಲೋವಾಟ್. ಗಂಟೆ ಏಳು ಇಪ್ಪತ್ತು. ಬ್ಯಾಟರಿ 50, ಪೂರ್ತಿ ತುಂಬಿದೆ. ಈ ಕ್ಷಣದಿಂದ ಅದೊಂದೇ ಹತ್ತು ಮನೆಗಳ ಭಾರವನ್ನೂ ಹೊತ್ತಿದೆ, ಯಾವ ಮನೆಯವರಿಗೂ ತಿಳಿಯದ ಹಾಗೆ. ಪಕ್ಕದ ಷೆಡ್ಡಿನಲ್ಲಿ, ಟ್ಯಾಂಕಿನ ಹೈಡ್ರೋಜನ್ ಸುಟ್ಟು ಕರೆಂಟು ಮಾಡುವ ಎಂಜಿನ್ ಸಿದ್ಧವಾಗಿ ನಿಂತಿದೆ.

"ಎಂಜಿನ್ ಈಗಲೇ ಶುರುಮಾಡಬೇಕೋ, ಕಾಯಬೇಕೋ?" ಎಂದು ನಿಮ್ಮನ್ನೇ ಕೇಳುತ್ತಾರೆ. "ನೀವೇ ಹೇಳಿ."

ಲೆಕ್ಕ ಸರಳವಾಗಿದೆ, ಅದಕ್ಕೇ ಕಷ್ಟ. ಕಾಯ್ದರೆ ಮನೆಗಳು ಬ್ಯಾಟರಿಯನ್ನು ಬಳಸುತ್ತವೆ, ನಷ್ಟ ತೀರಾ ಕಡಿಮೆ. ಅರ್ಧ ಗಂಟೆಯಲ್ಲಿ ಗಾಳಿ ಮರಳಿದರೆ ಟ್ಯಾಂಕನ್ನು ಮುಟ್ಟುವುದೇ ಬೇಡ. ಎಂಜಿನ್ ಹಚ್ಚಿದರೆ? ಅದು ಮನೆಗೆ ಒಂದು ಯೂನಿಟ್ ಕಳಿಸಲು ಸುಮಾರು ನಾಲ್ಕು ಯೂನಿಟ್ಟಿನ ಹೈಡ್ರೋಜನ್ ಸುಡುತ್ತದೆ. ಆ ಹೈಡ್ರೋಜನ್ ಮಾಡಿ ಅದುಮಲು ಏಳು-ಎಂಟು ಯೂನಿಟ್ ಗಾಳಿ ಖರ್ಚಾಗಿರುತ್ತದೆ. ಹತ್ತು ದಿನದ ದುಡಿಮೆಯನ್ನು ಅರ್ಧ ಗಂಟೆಯ ಭಯಕ್ಕೆ ಸುಡಬಹುದೇ? ಆದರೆ ಹೆಚ್ಚು ಕಾಯ್ದರೆ ಬ್ಯಾಟರಿ ತಳ ಕಾಣುತ್ತದೆ. ಆಗ ಎಂಜಿನ್ ಒಂದೇಟಿಗೆ ಹತ್ತದಿದ್ದರೆ ಇನ್ನೊಮ್ಮೆ ಪ್ರಯತ್ನಿಸುವಷ್ಟು ಹೊತ್ತೂ ಕೈಯಲ್ಲಿ ಇರುವುದಿಲ್ಲ.

"ಕಾಯೋಣ," ಎನ್ನುತ್ತೀರಿ. ನಿಮ್ಮ ದನಿ ನಿಮಗೇ ಬೇರೆ ಯಾರದ್ದೋ ಅನ್ನಿಸುತ್ತದೆ.

ಏಳೂವರೆ. 43. ಕುರ್ಚಿಯ ಕೈ ಹಿಡಿದುಕೊಂಡಿದ್ದೀರಿ. ಅಂಗೈ ಬೆವರಿದೆ. ಎಂಜಿನಿಯರ್ ಬಾಗಿಲು ತೆರೆದು ಹೊರಗೆ ಕೆನ್ನೆ ಒಡ್ಡಿ ನಿಲ್ಲುತ್ತಾರೆ, ತಲೆ ಅಲ್ಲಾಡಿಸುತ್ತ ಒಳಬರುತ್ತಾರೆ. ಏಳು ನಲವತ್ತು. 36. ಯಾರದೋ ಮನೆಯಲ್ಲಿ ನೀರು ಕಾಯಿಸುವ ಕೆಟಲ್ ಹಾಕಿರಬೇಕು, ಲೋಡು ಎರಡು ಕಿಲೋವಾಟ್ ಜಿಗಿಯುತ್ತದೆ. ಆ ಒಂದು ಕಪ್ ಚಹಾದ ಮೇಲೆ ನಿಮಗೆ ಸಿಟ್ಟು ಬರುತ್ತದೆ. ಏಳು ಐವತ್ತು. 29. ದೀಪಸ್ತಂಭದ ಬೆಳಕು ಕಿಟಕಿಯ ಮೇಲೆ ಹಾದು ಹೋಗುತ್ತದೆ, ಮತ್ತೆ ಹಾಯುತ್ತದೆ. ಹೊರಗೆ ಹುಲ್ಲುಕಡ್ಡಿಯೂ ಅಲುಗುತ್ತಿಲ್ಲ. ಎಂಟು. 22.

"20ಕ್ಕಿಂತ ಕೆಳಗೆ ನಾನು ಬಿಡುವುದಿಲ್ಲ."

"ಹಚ್ಚಿ."

ಗುಂಡಿ ಒತ್ತುತ್ತಾರೆ. ಪಕ್ಕದ ಷೆಡ್ಡಿನಲ್ಲಿ ವಾಲ್ವುಗಳು ಟಕ್ ಟಕ್ ಎನ್ನುತ್ತವೆ. ಸ್ಟಾರ್ಟರ್ ತಿರುಗುತ್ತದೆ. ತಿರುಗುತ್ತಲೇ ಇದೆ. ಎಂಜಿನ್ ಹಿಡಿಯಲಿಲ್ಲ. ಢಂ! ಗೋಡೆ ಅದುರುತ್ತದೆ. ನೀವು ತಲೆ ತಗ್ಗಿಸಿ ಮೇಜಿನ ಅಂಚು ಹಿಡಿದಿದ್ದೀರಿ. ನಾಲಿಗೆ ಒಣಗಿದೆ. ಡಬ್ಬಿ? ಹಸಿರು, ಇನ್ನೂ ಹಸಿರು. "ಬ್ಯಾಕ್‌ಫೈರ್," ಎನ್ನುತ್ತಾರೆ ಅವರು, ಹಣೆಯ ಬೆವರೊರೆಸಿಕೊಂಡು. ಹೈಡ್ರೋಜನ್ ಬೇಗ ಹತ್ತುತ್ತದೆ, ಬೇಗ ಉರಿಯುತ್ತದೆ. ಒಳಬರುವ ವಾಲ್ವು ಮುಚ್ಚುವ ಮೊದಲೇ ಹತ್ತಿಕೊಂಡರೆ ಸ್ಫೋಟ ಹಿಂದಕ್ಕೆ ನುಗ್ಗುತ್ತದೆ. ಇಂಥ ಎಂಜಿನ್ನುಗಳಿಗಿರುವ ಹಳೆಯ ಕಾಯಿಲೆ ಇದು. 19. ಪರದೆ ಕೆಂಪಾಗಿದೆ. 18. ಮತ್ತೆ ಗುಂಡಿ. ವಾಲ್ವು. ಸ್ಟಾರ್ಟರ್. ಒಂದು ಕೆಮ್ಮು. ಇನ್ನೊಂದು. ಹಿಡಿಯಿತು!

ತಲೆಯ ಮೇಲಿನ ಬಲ್ಬು ಒಮ್ಮೆ ಕುಗ್ಗಿ ಮತ್ತೆ ತುಂಬಿಕೊಳ್ಳುತ್ತದೆ. ಆ ಅಡುಗೆಮನೆಯ ಬಲ್ಬೂ ಹೀಗೇ ಕುಗ್ಗಿರಬೇಕು, ಮನೆಯಾಕೆಯ ಕೈ ಬೆಂಕಿಪೊಟ್ಟಣದತ್ತ ಹೋಗಿರಬೇಕು. 55 ಕಿಲೋವಾಟಿನ ಎಂಜಿನ್ ಲೋಡನ್ನು ಹೆಗಲಿಗೆ ತೆಗೆದುಕೊಳ್ಳುತ್ತದೆ. ಬ್ಯಾಟರಿಯ ಅಂಕಿ ನಿಲ್ಲುತ್ತದೆ.

ಷೆಡ್ಡಿನ ಬಾಗಿಲು ತೆರೆದರೆ ಮುಖಕ್ಕೆ ಸೆಕೆ ಬಡಿಯುತ್ತದೆ. ಜಾಕೆಟ್ ಬಿಚ್ಚುತ್ತೀರಿ. ಎಂಜಿನ್ನು ಒಂದು ಪಾಲು ಕರೆಂಟು ಕೊಡುವಾಗ ಮೂರು ಪಾಲು ಬರೀ ಶಾಖವಾಗಿ ಚೆಲ್ಲುತ್ತಿದೆ. ಮೂಲೆಯಲ್ಲಿ 10 ಕಿಲೋವಾಟಿನ ಫ್ಯುಯಲ್ ಸೆಲ್ ಸುಮ್ಮನೆ ಕುಳಿತಿದೆ. ಉರಿಸದೆಯೇ ಹೈಡ್ರೋಜನ್ನಿನಿಂದ ಕರೆಂಟು ತೆಗೆಯುವ ಆ ಯಂತ್ರ ಇಲ್ಲಿ ತೊಂದರೆಗಳನ್ನೇ ಕಂಡಿತು. ಕೂಲಂಟ್ ಸೋರಿತು, ನಿರೀಕ್ಷೆಗಿಂತ ಬೇಗ ಸವೆಯಿತು. ಹಾಗಾಗಿ ಭಾರವೆಲ್ಲ ಎಂಜಿನ್ನಿನದ್ದೇ. ಅದರ ಹೊಗೆಕೊಳವೆ ಗೋಡೆ ದಾಟಿ ಹೊರಗೆ ಹೋಗಿದೆ. ಅಲ್ಲಿ ಹೋಗಿ ನಿಲ್ಲಿ. ಡೀಸೆಲ್ಲಿನ ಕಮಟು ಇಲ್ಲ, ಮಸಿ ಇಲ್ಲ. ಬಿಳಿಯ ಹಬೆ ಮಾತ್ರ. ಕೊಳವೆಯ ತುದಿಯಿಂದ ತೊಟ್ಟಿಕ್ಕುತ್ತಿರುವುದನ್ನು ಬೊಗಸೆಯಲ್ಲಿ ಹಿಡಿಯಿರಿ. ನೀರು, ಬೆಚ್ಚನೆಯ ನೀರು. ಹತ್ತು ದಿನ ಕರೆಂಟು ಸುರಿದು ಸೀಳಿದ ನೀರು ಮತ್ತೆ ನೀರಾಗಿ ನಿಮ್ಮ ಮಣಿಕಟ್ಟಿನ ಮೇಲೆ ಹರಿಯುತ್ತಿದೆ. ಈ ಸ್ವಚ್ಛತೆಯನ್ನು ಕೈಯಲ್ಲಿ ಹಿಡಿದವರಿಗೆ ಹೈಡ್ರೋಜನ್ ಮೇಲೆ ಪ್ರೀತಿ ಹುಟ್ಟುವುದು ಏಕೆಂದು ಅರ್ಥವಾಗುತ್ತದೆ. ನನಗೂ ಆ ಪ್ರೀತಿ ಇದೆ.

ಗಾಳಿ ಬೆಳಗ್ಗೆ ಬರುವುದಿಲ್ಲ. ಮಧ್ಯಾಹ್ನವೂ ಬರುವುದಿಲ್ಲ. ಸಮುದ್ರ ಎಣ್ಣೆ ಸುರಿದಂತೆ ಮಲಗಿದೆ. ಬ್ಯಾಟರಿ ಒಂದೇ ಇದ್ದಿದ್ದರೆ ಹತ್ತು ಮನೆಗಳು ನಿನ್ನೆ ರಾತ್ರಿ ಎಂಟೂವರೆಗೇ ಕತ್ತಲಾಗುತ್ತಿದ್ದವು. ಟ್ಯಾಂಕಿನ ಮುಳ್ಳು ಒಂದು ದಿನ ಕಳೆದಾಗ 120ಕ್ಕೆ ಇಳಿದಿದೆ, ಎರಡನೆಯ ದಿನ ಕಳೆದಾಗ 40ಕ್ಕೆ. ನೀವು ಕುರ್ಚಿಯಲ್ಲೇ ಒರಗಿ, ಎಂಜಿನ್ನಿನ ಸದ್ದು ಸ್ವಲ್ಪ ಬದಲಾದರೂ ಬೆಚ್ಚಿ ಎದ್ದು, ಮತ್ತೆ ಒರಗಿದ್ದೀರಿ. ಮೂರನೆಯ ಬೆಳಗಿನ ಜಾವ ಕಿಟಕಿಯ ಗಾಜು ಸಣ್ಣಗೆ ಗಡಗಡ ಎನ್ನುತ್ತದೆ. ಎಂಜಿನಿಯರ್ ನಿಮ್ಮ ಭುಜ ಮುಟ್ಟಿ ಮೇಲೆ ತೋರಿಸುತ್ತಾರೆ.

ಈಗ ಲೆಕ್ಕಕ್ಕೆ ಕೂರೋಣ, ಮೈ ಇನ್ನೂ ಅದನ್ನು ನೆನಪಿಟ್ಟಿರುವಾಗಲೇ. ಟ್ಯಾಂಕು ತುಂಬಲು ಹತ್ತು ದಿನದಲ್ಲಿ ಖರ್ಚಾದದ್ದು ಸರಿಸುಮಾರು 13,000 ಯೂನಿಟ್. ಅದು ಪೂರ್ತಿ ಖಾಲಿಯಾದಾಗ ಮನೆಗಳಿಗೆ ಸಿಗುವುದು 1700ರ ಆಸುಪಾಸು. ನೂರು ಕೊಟ್ಟು ಹದಿಮೂರು ಪಡೆದ ಹಾಗೆ. ಇದು ಅಂದಿನ ಸಣ್ಣ ಯಂತ್ರಗಳ ಕಥೆ, ಸ್ಥೂಲ ಲೆಕ್ಕ. ಇಂದಿನ ಒಳ್ಳೆಯ ಎಲೆಕ್ಟ್ರೋಲೈಜರ್, ಒಳ್ಳೆಯ ಫ್ಯುಯಲ್ ಸೆಲ್ ಹಾಕಿದರೆ ನೂರಕ್ಕೆ ಮೂವತ್ತು, ಎಲ್ಲವೂ ಕೂಡಿಬಂದರೆ ನಲವತ್ತರ ತನಕ ಹಿಂದೆ ಬರಬಹುದು. ಲೀಥಿಯಂ ಬ್ಯಾಟರಿ ನೂರಕ್ಕೆ ಎಂಬತ್ತೈದರಿಂದ ತೊಂಬತ್ತು ಹಿಂದಿರುಗಿಸುತ್ತದೆ. ಈ ಅಂತರ ಎಂಜಿನಿಯರುಗಳ ಸೋಮಾರಿತನದಿಂದ ಬಂದದ್ದಲ್ಲ. ನೀರನ್ನು ಸೀಳುವುದು, ಅನಿಲವನ್ನು ಅದುಮುವುದು, ಮತ್ತೆ ಅದನ್ನು ಕರೆಂಟು ಮಾಡುವುದು, ಹೀಗೆ ಮೂರು ಕಡೆ ಸುಂಕ. ಬ್ಯಾಟರಿಯಲ್ಲಿ ಅಯಾನುಗಳು ಒಂದು ತುದಿಯಿಂದ ಇನ್ನೊಂದಕ್ಕೆ ಹೋಗಿ ಬರುತ್ತವೆ, ಅಷ್ಟೇ.

ಇನ್ನೂ ಒಂದು ಅಂಕಿ ಇದೆ. ಉತ್ಸಿರಾದ ಅಂಗಳದಲ್ಲಿ ಟ್ಯಾಂಕು, ಎಲೆಕ್ಟ್ರೋಲೈಜರ್, ಕಂಪ್ರೆಸರ್, ಎಂಜಿನ್ ಎಲ್ಲ ಸೇರಿ ಕೊಡುತ್ತಿದ್ದದ್ದು 1700 ಯೂನಿಟ್ ತಾನೆ? ಇಂದು ಲಾರಿಯ ಮೇಲೆ ಬಂದಿಳಿಯುವ 20 ಅಡಿಯ ಒಂದೇ ಕಂಟೇನರಿನಲ್ಲಿ 5000 ಯೂನಿಟ್ ಹಿಡಿಯುವ ಲೀಥಿಯಂ ಬ್ಯಾಟರಿ ಸಿಗುತ್ತದೆ. 2004ರಲ್ಲಿ ಆ ದ್ವೀಪಕ್ಕೆ ಈ ಆಯ್ಕೆ ಇರಲಿಲ್ಲ. ಎರಡು ದಿನದ ನಿಶ್ಶಬ್ದಕ್ಕೆ ಅಂದು ಹೈಡ್ರೋಜನ್ ಉತ್ತರವಾಗಿತ್ತು. ಇಂದು ಅಲ್ಲ.

ಹಾಗೆಂದು ಬ್ಯಾಟರಿಯ ಮುಂದೆ ಭಯವಿಲ್ಲದೆ ನಿಲ್ಲಬೇಡಿ. 2021ರ ಜುಲೈ 30ರಂದು ಆಸ್ಟ್ರೇಲಿಯಾದ ಗೀಲಾಂಗ್ ಬಳಿ ಪರೀಕ್ಷೆಯಲ್ಲಿದ್ದ ದೊಡ್ಡ ಬ್ಯಾಟರಿಯ ಒಂದು ಘಟಕ ಹೊತ್ತಿಕೊಂಡು ಪಕ್ಕದ್ದಕ್ಕೂ ಹಬ್ಬಿತು, ಹತೋಟಿಗೆ ಬರಲು ದಿನಗಳೇ ಹಿಡಿದವು. ಒಂದು ಸೆಲ್ಲು ಕಾದು ಪಕ್ಕದ ಸೆಲ್ಲನ್ನು ಕಾಯಿಸುತ್ತದೆ, ನೀರು ಸುರಿದರೂ ಒಳಗಿನ ಕಾವು ಆರುವುದಿಲ್ಲ. ಇತ್ತ ನಾರ್ವೆಯಲ್ಲೇ, ಓಸ್ಲೋ ಪಕ್ಕದ ಸಾಂಡ್ವಿಕಾದಲ್ಲಿ, 2019ರ ಜೂನ್ 10ರಂದು ಹೈಡ್ರೋಜನ್ ಬಂಕ್ ಸಿಡಿಯಿತು. ಹತ್ತಿರದ ಕಾರುಗಳ ಏರ್‌ಬ್ಯಾಗುಗಳು ಅದರ ಹೊಡೆತಕ್ಕೇ ಬಿಚ್ಚಿಕೊಂಡವು. ಕಾರಣ: ಟ್ಯಾಂಕಿನ ಬೋಲ್ಟುಗಳನ್ನು ಸರಿಯಾಗಿ ಬಿಗಿಮಾಡಿರಲಿಲ್ಲ. ಕೂಡಿಟ್ಟ ಶಕ್ತಿ ಯಾವುದೇ ಇರಲಿ, ಅದರ ಪಕ್ಕದಲ್ಲಿ ಕೆಲಸ ಮಾಡುವವರ ಕೈ ಅಷ್ಟೇ ಶಿಸ್ತಿನದ್ದಾಗಿರಬೇಕು.

ಹೈಡ್ರೋಜನ್ನಿಗೆ ಜಾಗವೇ ಇಲ್ಲವೇ? ಇದೆ, ಬೇರೆ ಕಡೆ ಇದೆ. ನಿಶ್ಶಬ್ದ ಎರಡು ದಿನದ್ದಲ್ಲ, ಎರಡು ತಿಂಗಳದ್ದು ಎಂದುಕೊಳ್ಳಿ. ಯುರೋಪಿನ ಚಳಿಗಾಲದಲ್ಲಿ ವಾರಗಟ್ಟಲೆ ಬಿಸಿಲೂ ಗಾಳಿಯೂ ತೀರಾ ಕಡಿಮೆಯಾಗುವುದುಂಟು. ಅಮೆರಿಕದ ಯೂಟಾ ರಾಜ್ಯದ ಡೆಲ್ಟಾ ಊರಿನ ಬಳಿ, ನೆಲದಡಿಯ ಉಪ್ಪಿನ ಪದರವನ್ನು ನೀರಿನಿಂದ ಕರಗಿಸಿ ಕೊರೆದ ಎರಡು ಗುಹೆಗಳು 300 ಗಿಗಾವಾಟ್-ಅವರ್ ಶಕ್ತಿಯಷ್ಟು ಹೈಡ್ರೋಜನ್ ಹಿಡಿಯಲೆಂದೇ ಇವೆ. ಅಷ್ಟನ್ನು ಬ್ಯಾಟರಿಯಲ್ಲಿ ತುಂಬಲು ನಾನು ಹೇಳಿದ ಕಂಟೇನರುಗಳು 60,000 ಬೇಕು, ಅದೂ ವರ್ಷಕ್ಕೊಮ್ಮೆ ಬಳಸಲು. ನಮ್ಮ ಉತ್ತರ ಕರ್ನಾಟಕದ ಹಗೇವುಗಳನ್ನು ನೆನೆಸಿಕೊಳ್ಳಿ. ನೆಲದಡಿಯ ಆ ಕಣಜದಲ್ಲಿ ಜೋಳ ಸುರಿದು ಬಾಯಿ ಮುಚ್ಚಿದರೆ ಬರಗಾಲಕ್ಕೇ ತೆಗೆಯುವುದು. ಅಂಚಿನ ಕಾಳು ಮುಗ್ಗಿ ಹೋಗುವುದನ್ನು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ತೆರೆದ ಕೂಡಲೇ ಒಳಗಿಳಿಯುತ್ತಲೂ ಇರಲಿಲ್ಲ, ಕೆಟ್ಟ ಗಾಳಿ ಹೋಗಲೆಂದು ಕಾಯುತ್ತಿದ್ದರು. ನಾಳೆಯ ರೊಟ್ಟಿಗೆ ಯಾರೂ ಹಗೇವು ತೆರೆಯುತ್ತಿರಲಿಲ್ಲ.

ನಾರ್ಸ್ಕ್ ಹೈಡ್ರೋ ಹೈಡ್ರೋಜನ್ನನ್ನು ಮೊದಲು ಮಾಡಿದ್ದೂ ದೀಪ ಬೆಳಗಲು ಅಲ್ಲ. 1905ರಲ್ಲಿ ಹುಟ್ಟಿದ್ದು ಗೊಬ್ಬರದ ಕಂಪನಿಯಾಗಿ. ನಾರ್ವೆಯ ವೆಮೋರ್ಕ್‌ನ ಜಲಪಾತದ ಕರೆಂಟಿನಿಂದ ನೀರು ಸೀಳಿ, ಆ ಹೈಡ್ರೋಜನ್ನಿನಿಂದ ಅಮೋನಿಯಾ ಮಾಡಿ, ಹೊಲಗಳಿಗೆ ಕಳಿಸಿತು. ಅಮೋನಿಯಾಕ್ಕೆ ಹೈಡ್ರೋಜನ್ನೇ ಬೇಕು. ಬ್ಯಾಟರಿಯಿಂದ ಯೂರಿಯಾ ಮಾಡಲಾಗದು.

ಈಗ ನಮ್ಮ ಪಾವಗಡದ ಸೋಲಾರ್ ಪಾರ್ಕಿಗೆ ಬನ್ನಿ. 13,000 ಎಕರೆಯ ಮೇಲೆ 2050 ಮೆಗಾವಾಟಿನ ಫಲಕಗಳು. ಮಧ್ಯಾಹ್ನ ಆ ಸಾಲುಗಳ ನಡುವೆ ನಿಂತರೆ ನೆತ್ತಿಯೂ ಸುಡುತ್ತದೆ, ಅಂಗಾಲೂ ಸುಡುತ್ತದೆ. ಸಂಜೆ ಆರೂವರೆಗೆ ಎಲ್ಲ ಆರಿ ಹೋಗುತ್ತದೆ, ಸರಿಯಾಗಿ ಊರೆಲ್ಲ ದೀಪ ಹಚ್ಚುವ ಹೊತ್ತಿಗೆ. ಇಲ್ಲಿನ ನಿಶ್ಶಬ್ದ ಉತ್ಸಿರಾದ್ದರಂತೆ ಎಷ್ಟು ದಿನವೋ ಎಂದು ಹೆದರಿಸುವುದಿಲ್ಲ. ಹನ್ನೆರಡು-ಹದಿಮೂರು ಗಂಟೆ ಕಳೆದರೆ ಬಿಸಿಲು ಮತ್ತೆ ಬರುತ್ತದೆ. ಮಳೆಗಾಲದಲ್ಲಿ ಮೋಡ ಕವಿದಾಗ ನಮ್ಮ ಗುಡ್ಡಗಳ ಗಾಳಿಯಂತ್ರಗಳಿಗೆ ಸುಗ್ಗಿ. ಇಂಥ ನಾಡಿನಲ್ಲಿ ಮಧ್ಯಾಹ್ನದ ಬಿಸಿಲನ್ನು ರಾತ್ರಿಗೆ ದಾಟಿಸಲು ಬ್ಯಾಟರಿಯೇ ಸರಿ. 50 ಯೂನಿಟ್‌ಗೂ ಮೇಲೆ ಖರ್ಚುಮಾಡಿ ಒಂದು ಕೆ.ಜಿ. ಹೈಡ್ರೋಜನ್ ಮಾಡಿ, ಅದನ್ನು ಮತ್ತೆ ಹದಿನೈದು-ಹದಿನಾರು ಯೂನಿಟ್ ಕರೆಂಟು ಮಾಡುವುದು ನನ್ನ ಮಟ್ಟಿಗೆ ರೈತರು ಗುತ್ತಿಗೆಗೆ ಕೊಟ್ಟ ನೆಲಕ್ಕೆ ಮಾಡುವ ಅನ್ಯಾಯ.

ಕೇಂದ್ರ ಸರ್ಕಾರ 2023ರ ಜನವರಿಯಲ್ಲಿ ಒಪ್ಪಿದ ಹಸಿರು ಹೈಡ್ರೋಜನ್ ಮಿಷನ್‌ಗೆ 19,744 ಕೋಟಿ ರೂಪಾಯಿ ಇಟ್ಟಿತು, 2030ಕ್ಕೆ ವರ್ಷಕ್ಕೆ 50 ಲಕ್ಷ ಟನ್ ಎಂಬುದು ಆಗಿನ ಗುರಿ. ಆ ಹೈಡ್ರೋಜನ್ ಪಣಂಬೂರಿನ ಗೊಬ್ಬರ ಕಾರ್ಖಾನೆಗೆ ಹೋಗಲಿ, ಮಂಗಳೂರಿನ ತೈಲ ಶುದ್ಧೀಕರಣಕ್ಕೆ ಹೋಗಲಿ, ತೋರಣಗಲ್ಲಿನಲ್ಲಿ ಕಬ್ಬಿಣದ ಅದಿರಿನಿಂದ ಆಮ್ಲಜನಕ ಕೀಳುವ ಕೆಲಸಕ್ಕೆ ಹೋಗಲಿ. ಅಲ್ಲೆಲ್ಲ ಅದು ನೈಸರ್ಗಿಕ ಅನಿಲವನ್ನೋ ಕಲ್ಲಿದ್ದಲನ್ನೋ ಹಿಂದೆ ಸರಿಸುತ್ತದೆ. ಆದರೆ ನಿಮ್ಮ ಜಿಲ್ಲೆಗೆ ಯಾರಾದರೂ ರಾತ್ರಿಯ ಕರೆಂಟಿಗೆ ಹೈಡ್ರೋಜನ್ ಯೋಜನೆ ಎಂದು ಬಂದರೆ ಸಭೆಯಲ್ಲಿ ಎದ್ದು ನಿಂತು ಮೂರೇ ಪ್ರಶ್ನೆ ಕೇಳಿ. ಎಷ್ಟು ಯೂನಿಟ್ ಒಳಗೆ ಹೋಗುತ್ತದೆ, ಎಷ್ಟು ಹೊರಗೆ ಬರುತ್ತದೆ, ಎಷ್ಟು ದಿನ ಕೂಡಿಡಬೇಕಾಗಿದೆ? ಉತ್ತರವನ್ನು ಬರವಣಿಗೆಯಲ್ಲೇ ಪಡೆಯಿರಿ.